ಪೈಪಿಗೆ ಮೊದಲು ಮುಪ್ಪು ಬರುವುದು ಕೀಲಿಗೆ

ಬಚ್ಚಲುಮನೆಯ ಹೊರಗೋಡೆಯ ಮೇಲೆ ಮೊದಲು ಕಾಣಿಸಿದ್ದು ಅಂಗೈಯಗಲದ ಒಂದು ಮಚ್ಚೆ. ಮಳೆಗಾಲದ ತೇವ ಇರಬೇಕು ಎಂದು ಸುಮ್ಮನಿದ್ದೆವು. ಮಳೆ ಹೋಯಿತು, ಚಳಿಯೂ ಹೋಯಿತು, ಮಚ್ಚೆ ಮಾತ್ರ ಹೋಗಲಿಲ್ಲ. ಯುಗಾದಿಯ ಹೊತ್ತಿಗೆ ಅಲ್ಲಿನ ಸುಣ್ಣ ಹಪ್ಪಳದ ಹಾಗೆ ಉಬ್ಬಿ ಉದುರತೊಡಗಿತು. ಕೊನೆಗೆ ನಲ್ಲಿ ಕೆಲಸದ ಮೇಸ್ತ್ರಿಯನ್ನು ಕರೆಸಿದೆ. ಅರವತ್ತು ದಾಟಿದವರು. ಗೋಡೆಗೆ ಕಿವಿಯಿಟ್ಟರು, ಬೆರಳಿನ ಗೆಣ್ಣಿನಿಂದ ನಾಲ್ಕು ಕಡೆ ತಟ್ಟಿದರು, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು ಉಳಿ ಸುತ್ತಿಗೆ ತೆಗೆದರು. ಒಂದು ಗಂಟೆಯೊಳಗೆ ಅಪ್ಪನ ಕಾಲದ ಅರ್ಧ ಇಂಚಿನ ಜಿಐ ಪೈಪು ಬೆಳಕಿಗೆ ಬಂತು.

ಆಳುದ್ದದ ಆ ತುಂಡನ್ನು ಬಿಚ್ಚಿ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ನಡುವೆಲ್ಲ ಬೂದು ಬಣ್ಣ ಹಾಗೇ ಇದೆ, ಅಲ್ಲಲ್ಲಿ ಸತುವಿನ ಹೂವಿನ ಚಿತ್ತಾರವೂ ಮಾಸಿಲ್ಲ. ಎರಡು ತುದಿ ಮಾತ್ರ ನೆಂದ ಬಿಸ್ಕತ್ತಿನಂತೆ ಪದರು ಪದರಾಗಿ ಎದ್ದು ಬರುತ್ತಿವೆ. "ಪೈಪ್ ಕೆಟ್ಟಿಲ್ಲ ಸಾರ್, ಥ್ರೆಡ್ ತಿಂದ್ಬಿಟ್ಟಿದೆ ಅಷ್ಟೆ" ಎಂದರು ಮೇಸ್ತ್ರಿ. ಮನೆಯ ಹಿರಿಯರ ಬಗ್ಗೆ ಡಾಕ್ಟರು ಹೇಳುವ ಧಾಟಿಯಲ್ಲೇ ಇತ್ತು ಅದು. ಹೃದಯ ಗಟ್ಟಿ, ಶ್ವಾಸಕೋಶ ಚೆನ್ನಾಗಿದೆ, ಮಂಡಿ ಒಂದೇ ಸವೆದಿರುವುದು.

ಅಂದಿನಿಂದ ನನಗೆ ಜಿಐ ಪೈಪುಗಳ ಕೀಲುಗಳದ್ದೇ ಗೀಳು. ಯಾರ ಮನೆಗೆ ಹೋದರೂ ಕಣ್ಣು ಹೋಗುವುದು ಎಲ್ಬೋ, ಟೀ, ಸಾಕೆಟ್ಟುಗಳ ಕಡೆಗೆ. ಎರಡು ಪೈಪು ಕೂಡಿಸುವುದು ಎಂದರೆ ತಿರುಗಿಸಿ ಬಿಗಿ ಮಾಡುವುದು ತಾನೇ ಎಂದುಕೊಂಡಿದ್ದವನಿಗೆ, ಆ ಬಿಗಿಯ ಹಿಂದೆ ಎಷ್ಟು ಲೆಕ್ಕಾಚಾರ, ಎಷ್ಟು ರಾಜಿ ಇದೆ ಎಂಬುದು ತಿಳಿದದ್ದು ಆಮೇಲೆ.

ಎಲ್ಲದಕ್ಕೂ ಮೂಲ ಆ ಸತುವಿನ ಲೇಪ. ಬರೀ ಕಬ್ಬಿಣಕ್ಕೆ ನೀರು ಕಂಡರಾಗದು. ಹಾಗಾಗಿ ಕಾರ್ಖಾನೆಯಲ್ಲಿ ಪೈಪನ್ನು ಆಮ್ಲದಲ್ಲಿ ತೊಳೆದು, ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿದ ಸತುವಿನ ಕೊಳಕ್ಕೆ ಅದ್ದಿ ತೆಗೆಯುತ್ತಾರೆ. ಸತು ಹೊರಗೂ ಒಳಗೂ ಹಿಡಿಯುತ್ತದೆ. ಹಿಡಿಯುವುದೆಂದರೆ ಬಣ್ಣದಂತೆ ಮೇಲೆ ಕೂತುಕೊಳ್ಳುವುದಲ್ಲ, ಕಬ್ಬಿಣದ ಜೊತೆ ಬೆರೆತು ಮಿಶ್ರಲೋಹದ ಪದರಗಳನ್ನೇ ಕಟ್ಟಿಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೂ ದಪ್ಪ ನೋಡಿದರೆ ಐವತ್ತು ಅರವತ್ತು ಮೈಕ್ರಾನು, ಒಂದು ತಲೆಗೂದಲಿನಷ್ಟು.

ನಮ್ಮ ಹಿತ್ತಾಳೆ ಪಾತ್ರೆಗೆ ಹಾಕಿಸುವ ಕಲಾಯಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಕಲಾಯಿ ತವರದ್ದು, ಅದು ಬರೀ ಪರದೆ. ಪರದೆ ಹರಿದ ಕಡೆ ಹುಳಿ ನೇರ ಹಿತ್ತಾಳೆಗೇ ತಾಗುತ್ತದೆ. ಸತುವಿನ ಗುಣ ಬೇರೆ. ಒಂದು ಗೀರು ಬಿದ್ದು ಕಬ್ಬಿಣ ಹೊರಗೆ ಇಣುಕಿದರೂ ಪಕ್ಕದ ಸತು ತಾನು ಮೊದಲು ಕರಗಿ ಅದನ್ನು ಕಾಯುತ್ತದೆ. ಮನೆಯ ಸಾಲವನ್ನೆಲ್ಲ ಹಿರಿಯ ಮಗ ತೀರಿಸಿದಂತೆ. ಗೀರು ಚಿಕ್ಕದಾದರೆ ಈ ಉಪಾಯ ವರ್ಷಗಟ್ಟಲೆ ನಡೆಯುತ್ತದೆ, ಗಾಯ ದೊಡ್ಡದಾದರೆ ನಡೆಯುವುದಿಲ್ಲ. ಪೈಪು ಕೂಡಿಸುವವರು ಮಾಡುವುದು ದೊಡ್ಡ ಗಾಯವನ್ನೇ.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಇಟಲಿಯ ಬೊಲೋನ್ಯಾದ ವೈದ್ಯ ಲೂಯಿಜಿ ಗ್ಯಾಲ್ವನಿ 18ನೇ ಶತಮಾನದಲ್ಲಿ ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಲೋಹಗಳನ್ನು ತಾಗಿಸಿ, ಅದು ಝಾಡಿಸಿದ್ದನ್ನು ಕಂಡು ಬೆರಗಾದ. ಅವನು ಪೈಪು ಮುಟ್ಟಿದವನಲ್ಲ. 1837ರಲ್ಲಿ ಫ್ರಾನ್ಸಿನ ಎಂಜಿನಿಯರ್ ಸ್ಟಾನಿಸ್ಲಾ ಸೊರೆಲ್ ಕಬ್ಬಿಣಕ್ಕೆ ಸತುವಿನ ಸ್ನಾನ ಮಾಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದಾಗ, ಎರಡು ಲೋಹಗಳ ನಡುವಿನ ಅದೇ ವಿದ್ಯುತ್ ವ್ಯವಹಾರವನ್ನು ನೆನೆದು ಗ್ಯಾಲ್ವನಿಯ ಹೆಸರನ್ನು ಅಂಟಿಸಿದ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ದಿನವೂ ಕೇಳಿಬರುವ ಜಿಐಯ ಮೊದಲ ಅಕ್ಷರದ ಹಿಂದೆ ಒಂದು ಕಪ್ಪೆಯ ಕಾಲಿದೆ.

ಈಗ ಥ್ರೆಡ್ಡಿನ ವಿಚಾರ. ಇಪ್ಪತ್ತಡಿಯ ಲೆಂಗ್ತು ಅಂಗಡಿಯಿಂದ ಬರುತ್ತದೆ. ಮೇಸ್ತ್ರಿ ಅಳತೆಗೆ ಕತ್ತರಿಸಿ, ತುಂಡನ್ನು ಪೈಪ್ ವೈಸಿನಲ್ಲಿ ಕಚ್ಚಿಸಿ, ಎರಡು ಉದ್ದ ಹಿಡಿಕೆಯ ಡೈ ಕೂರಿಸಿ ಎಣ್ಣೆ ಬಿಡುತ್ತ ತಿರುಗಿಸುತ್ತಾರೆ. ಇದಕ್ಕೆ 'ಥ್ರೆಡ್ ಹೊಡೆಯೋದು' ಎನ್ನುತ್ತಾರೆ. ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಹೋದರೆ ಹಲ್ಲು ಹರಿಯುತ್ತದೆ, ಎರಡು ಸಲದಲ್ಲಿ ಹೊಡೆಯುವವನು ಕೆಲಸ ಬಲ್ಲವನು. ಕಬ್ಬಿಣದ ಸುರುಳಿ ಸುರುಳಿ ಚೂರು ನೆಲಕ್ಕೆ ಬೀಳುತ್ತದೆ. ಚೂರುಗಳ ಜೊತೆ ಸತುವೂ ಬೀಳುತ್ತದೆ. ಕಾರ್ಖಾನೆಯಲ್ಲಿ ಅಷ್ಟು ಜತನದಿಂದ ತೊಡಿಸಿದ ಅಂಗಿಯನ್ನು, ನೀರು ನುಗ್ಗಲು ಹವಣಿಸುವ ಜಾಗದಲ್ಲೇ ಕಿತ್ತು ಹಾಕುವ ಕೆಲಸ ಇದು. ನಮ್ಮ ಗೋಡೆಯೊಳಗಿನ ಪೈಪು ತುದಿಗಳಲ್ಲಷ್ಟೇ ಕೊಳೆತದ್ದೇಕೆ ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಈ ಥ್ರೆಡ್ಡಿಗೆ ಒಂದು ಗುಟ್ಟಿದೆ. ಬೋಲ್ಟಿನ ಸುತ್ತುಗಳು ಕೊನೆಯವರೆಗೂ ಒಂದೇ ದಪ್ಪಕ್ಕೆ ಹೋಗುತ್ತವೆ. ಪೈಪಿನವು ಬೆಣೆಯಂತೆ, ತುದಿಗೆ ಹೋದಂತೆ ಸಣ್ಣಗಾಗುತ್ತವೆ. ಹದಿನಾರು ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಇಳಿತ. ಅದು ಹೋಗಿ ಸೇರುವ ಸಾಕೆಟ್ಟಿನ ಒಳಸುತ್ತು ನೆಟ್ಟಗಿರುತ್ತದೆ. ಮೊದಲ ಮೂರು ನಾಲ್ಕು ಸುತ್ತು ಕೈಯಲ್ಲೇ ಓಡುತ್ತದೆ, ಆಮೇಲೆ ಬೆಣೆ ಕಚ್ಚಿಕೊಳ್ಳತೊಡಗುತ್ತದೆ, ರೆಂಚು ಬೇಕಾಗುತ್ತದೆ. ಲೋಹಕ್ಕೆ ಲೋಹ ಒತ್ತಿಕೊಂಡು ಬಿಗಿಯುವುದೇ ಇಲ್ಲಿನ ತತ್ವ. ಸುತ್ತಿನ ಕೋನ 55 ಡಿಗ್ರಿ. ಇದು 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸೂಚಿಸಿದ ಕ್ರಮ. ಅದಕ್ಕೂ ಮೊದಲು ಒಂದೊಂದು ಕಾರ್ಖಾನೆಯದು ಒಂದೊಂದು ತಿರುಪು, ಇವರ ನಟ್ಟು ಅವರ ಬೋಲ್ಟಿಗೆ ಕೂರುತ್ತಿರಲಿಲ್ಲ. ಬ್ರಿಟಿಷರು ಹೋದರೂ ಅವರ ತಿರುಪು ಉಳಿದುಕೊಂಡಿತು. ಅಮೆರಿಕದವರದು 60 ಡಿಗ್ರಿಯ ಬೇರೆ ಕ್ರಮ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಇಬ್ಬರದೂ ಇಂಚಿಗೆ ಹದಿನಾಲ್ಕೇ ಸುತ್ತು. ಹೀಗಾಗಿ ಅಲ್ಲಿಂದ ಬಂದ ಯಂತ್ರದ ಕೊಳವೆ ನಮ್ಮ ಸಾಕೆಟ್ಟಿಗೆ ಕೂತ ಹಾಗೆ ನಟಿಸಿ, ಎಷ್ಟು ಬಿಗಿದರೂ ತೊಟ್ಟಿಕ್ಕುತ್ತಲೇ ಇರುತ್ತದೆ. ಅಂಥದನ್ನು ಬಿಗಿಯಲು ಹೋಗಿ ಸಾಕೆಟ್ ಸೀಳಿದವರೂ ಇದ್ದಾರೆ.

ಅರ್ಧ ಇಂಚು ಎಂದೆನಲ್ಲ, ಆ ಪೈಪಿನಲ್ಲಿ ಅರ್ಧ ಇಂಚು ಎಲ್ಲೂ ಇಲ್ಲ. ಹೊರಗಿನ ಅಡ್ಡಳತೆ 21.3 ಮಿಲಿಮೀಟರು, ಒಳಗಿನದು ಮಧ್ಯಮ ದರ್ಜೆಯದಾದರೆ 16 ಮಿಲಿಮೀಟರಿನಷ್ಟು. ಅರ್ಧ ಇಂಚೆಂದರೆ 12.7. ಹಿಂದೆ ಒಳಗಿನ ರಂಧ್ರದ ಅಳತೆಯನ್ನೇ ಹೆಸರಾಗಿಟ್ಟಿದ್ದರು. ಉಕ್ಕು ಸುಧಾರಿಸಿ ಗೋಡೆ ತೆಳ್ಳಗಾದಂತೆ ರಂಧ್ರ ಹಿಗ್ಗಿತು. ಹೊರಗಿನ ಅಳತೆಯನ್ನು ಬದಲಿಸುವಂತಿರಲಿಲ್ಲ, ಬದಲಿಸಿದರೆ ಊರಿನ ಡೈಗಳೂ ಸಾಕೆಟ್ಟುಗಳೂ ಗುಜರಿಗೆ ಹೋಗಬೇಕಾಗುತ್ತಿತ್ತು. ಕೀಲಿನ ಮುಲಾಜಿಗೆ ಸಿಕ್ಕಿ ಹೆಸರು ಸುಳ್ಳಾಯಿತು. ಬ್ಯಾರಲ್ ನಿಪ್ಪಲ್ ಎಂಬ ಚೋಟುದ್ದದ ತುಂಡಿನ ಹೆಸರೂ ಹೀಗೆ ಎಲ್ಲಿಂದಲೋ ಬಂದದ್ದು. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಅನಿಲದ ದೀಪಗಳು ಬಂದಾಗ, ಯುದ್ಧದಲ್ಲಿ ಬಳಸಿ ಬಿಸಾಡಿದ ಬಂದೂಕಿನ ನಳಿಕೆಗಳನ್ನು ಒಂದಕ್ಕೊಂದು ಕೂಡಿಸಿ ಕೊಳವೆ ಮಾಡಿದರಂತೆ. ಬಂದೂಕಿನ ನಳಿಕೆಗೆ ಅವರ ಭಾಷೆಯಲ್ಲಿ ಬ್ಯಾರಲ್.

ಪೈಪಿನ ಮೈಮೇಲೆ ಬಣ್ಣದ ಪಟ್ಟಿ ಇರುತ್ತದೆ. ಹಳದಿ ಎಂದರೆ ಲೈಟ್, ನೀಲಿ ಎಂದರೆ ಮೀಡಿಯಂ, ಕೆಂಪು ಎಂದರೆ ಹೆವಿ. ಐಎಸ್ 1239 ಎಂಬ ಭಾರತೀಯ ಮಾನಕದ ಪ್ರಕಾರ ಅರ್ಧ ಇಂಚಿನಲ್ಲಿ ಈ ಮೂರರ ಗೋಡೆ ಕ್ರಮವಾಗಿ 2, 2.6 ಮತ್ತು 3.2 ಮಿಲಿಮೀಟರ್ ದಪ್ಪ. ಅಂಗಡಿಯಲ್ಲಿ ನಿಂತವನಿಗೆ ಅರ್ಧ ಮಿಲಿಮೀಟರು ಒಂದು ಲೆಕ್ಕವೇ? ಆದರೆ ಥ್ರೆಡ್ಡಿನ ಆಳ ಸುಮಾರು 1.16 ಮಿಲಿಮೀಟರು. ನೀಲಿ ಪಟ್ಟಿಯ ಪೈಪಿನಲ್ಲಿ ಅದನ್ನು ಕಳೆದರೆ ಉಳಿಯುವುದು 1.44, ಒಂದೂವರೆಗೂ ಕಡಿಮೆ. ಹಳದಿ ಪಟ್ಟಿಯದರಲ್ಲಿ ಉಳಿಯುವುದು 0.84, ಒಂದು ಮಿಲಿಮೀಟರೂ ಇಲ್ಲ. ಅದೂ ಸತುವಿನ ರಕ್ಷಣೆ ಇಲ್ಲದ ಬೋಳು ಕಬ್ಬಿಣ. ಪೈಪು ಕೊಳ್ಳುವಾಗ ಉಳಿಸಿದ ದುಡ್ಡು ಹೋಗುವುದು ಈ ಕಾಲುವೆಯ ತಳದಿಂದಲೇ.

ಬೆಣೆ ಎಷ್ಟೇ ಕಚ್ಚಿದರೂ ಸುತ್ತುಗಳ ಶಿಖರಕ್ಕೂ ಎದುರಿನ ಕಣಿವೆಗೂ ನಡುವೆ ಕೂದಲೆಳೆಯ ದಾರಿ ಉಳಿದುಬಿಡುತ್ತದೆ. ನೀರಿಗೆ ಅಷ್ಟು ಸಾಕು, ಸುರುಳಿ ಸುತ್ತಿಕೊಂಡೇ ಹೊರಗೆ ಬರುತ್ತದೆ. ಆ ದಾರಿ ಮುಚ್ಚಲು ಹಳಬರದು ಸೆಣಬಿನ ನಾರು ಮತ್ತು ಸಫೇದಾ. ಮೇಸ್ತ್ರಿಯ ಚೀಲದಲ್ಲಿ ಸೆಣಬು ಅಜ್ಜಿಯ ಜಡೆಯಂತೆ ಸುತ್ತಿಕೊಂಡು ಬಿದ್ದಿತ್ತು. ಒಂದು ಎಳೆ ಎಳೆದು, ಬೆರಳಲ್ಲಿ ಹಿಂಜಿ, ಥ್ರೆಡ್ಡಿನ ಮೇಲೆ ಬಿಗಿಯುವ ದಿಕ್ಕಿಗೇ ಸುತ್ತಿ, ಮೇಲೆ ಸಫೇದಾ ಸವರಿದರು. ಸೆಣಬು ನೀರು ಕುಡಿದು ಉಬ್ಬುತ್ತದೆ, ಸೋರಲು ಬಂದ ನೀರೇ ಸೋರುವ ದಾರಿಯನ್ನು ಮುಚ್ಚುವ ಏರ್ಪಾಡು. ಹಿಂದೆ ಸಫೇದಾ ಎಂದರೆ ಸೀಸದ ಬಿಳಿ. ಕುಡಿಯುವ ನೀರಿನ ಕೊಳವೆಗೆ ಸೀಸ ಹಚ್ಚುವುದು ಒಳ್ಳೆಯದಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಮಾತು. ಕೊಳ್ಳುವವರು ಡಬ್ಬದ ಮೇಲಿರುವುದನ್ನು ಓದಬೇಕು.

ಹೊಸಬರದು ಟೆಫ್ಲಾನ್ ಟೇಪು. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ತಂಪುಗೊಳಿಸುವ ಅನಿಲವೊಂದನ್ನು ಹುಡುಕುತ್ತಿದ್ದಾಗ ಸಿಲಿಂಡರಿನೊಳಗೆ ಅಕಸ್ಮಾತ್ತಾಗಿ ಸಿಕ್ಕ ಜಾರು ಪುಡಿ ಅದು. ದೋಸೆ ಕಾವಲಿಗೆ ಬಂದಂತೆ ನಲ್ಲಿಗೂ ಬಂತು. ಟೇಪು ಅಂಟು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದರಲ್ಲಿ ಅಂಟೇ ಇಲ್ಲ. ಅದರ ಮುಖ್ಯ ಕೆಲಸ ಜಾರಿಸುವುದು. ಲೋಹಕ್ಕೆ ಲೋಹ ಉಜ್ಜಿ ನಿಲ್ಲುವ ಬದಲು ಇನ್ನೊಂದು ಅರ್ಧ ಸುತ್ತು ಒಳಗೆ ಹೋಗಲು ಬಿಡುತ್ತದೆ, ಉಳಿದ ಸಂದಿಗೆ ತುಂಬಿಕೊಳ್ಳುತ್ತದೆ. ಈ ಜಾರುವಿಕೆಯೇ ಅಪಾಯವೂ ಹೌದು. ಹತ್ತಿಪ್ಪತ್ತು ಸುತ್ತು ಟೇಪು ಸುತ್ತಿ ಬಲ ಬಿಟ್ಟು ತಿರುಗಿಸಿದರೆ ಹಿತ್ತಾಳೆ ನಲ್ಲಿಯೋ ಎರಕದ ಎಲ್ಬೋ ಒಂದೋ ಟಪ್ಪೆಂದು ಬಿರಿಯುತ್ತದೆ.

ಸೆಣಬು ಮೇಲೋ ಟೇಪು ಮೇಲೋ ಎಂಬ ಜಗಳ ನಲ್ಲಿ ಕೆಲಸದವರಲ್ಲಿ ಮುಗಿಯುವಂಥದ್ದಲ್ಲ. ನನ್ನ ಓಟು ಹಳೆಯ ಜಿಐಗೆ ಸೆಣಬಿನ ಕಡೆಗೆ. ನಲ್ಲಿಯನ್ನು ಬಿಗಿದು ಮುಗಿಸುವಾಗ ಅದರ ಮೂತಿ ಗೋಡೆಯ ಕಡೆ ತಿರುಗಿಬಿಟ್ಟಿದೆ ಎನ್ನಿ. ಸೆಣಬಾದರೆ ಕಾಲು ಸುತ್ತು ಹಿಂದಕ್ಕೆ ತಂದು ನೆಟ್ಟಗೆ ಮಾಡಬಹುದು, ಕ್ಷಮಿಸುತ್ತದೆ. ಟೇಪಾದರೆ ಹಿಂದಕ್ಕೆ ತಿರುಗಿಸಿದ ಕೂಡಲೇ ಹರಿದು ಸೋರುತ್ತದೆ, ಬಿಚ್ಚಿ ಹೊಸದಾಗಿ ಸುತ್ತಬೇಕು. ಹೊಸದಾಗಿ ಹೊಡೆದ ಚೂಪು ಥ್ರೆಡ್ಡಿಗೆ ಟೇಪು ಚೆನ್ನ. ಸವೆದ, ತುಕ್ಕಿನ ಗುಳಿ ಬಿದ್ದ ಥ್ರೆಡ್ಡಿಗೆ ನಾರಿನ ತುಂಬುವ ಗುಣವೇ ಬೇಕು.

ರೆಂಚು ಹಾಕುವಾಗ ಒಂದಲ್ಲ, ಎರಡು ಹಾಕಬೇಕು. 19ನೇ ಶತಮಾನದಲ್ಲಿ ಅಮೆರಿಕದ ಡೇನಿಯಲ್ ಸ್ಟಿಲ್ಸನ್ ರೂಪಿಸಿದ ಈ ಸಲಕರಣೆಯ ದವಡೆ ಸ್ವಲ್ಪ ಸಡಿಲ. ಹಿಡಿಕೆ ಎಳೆದಷ್ಟೂ ದುಂಡು ಪೈಪನ್ನು ಗಟ್ಟಿಯಾಗಿ ಕಚ್ಚುತ್ತದೆ, ಕಚ್ಚಿದ ಕಡೆ ಸತುವಿನ ಮೇಲೆ ಹಲ್ಲಿನ ಗುರುತು ಬಿಡುತ್ತದೆ. ಒಂದು ರೆಂಚು ತಿರುಗಿಸಲು, ಇನ್ನೊಂದು ಅದರಾಚೆಯದನ್ನು ಅಲುಗದಂತೆ ಹಿಡಿಯಲು. ಎರಡನೆಯದನ್ನು ಮರೆತರೆ ತಿರುಪಿನ ಬಲವೆಲ್ಲ ಗೋಡೆಯೊಳಗಿನ ಮುಂದಿನ ಕೀಲಿಗೆ ಹೋಗುತ್ತದೆ. ನಲವತ್ತು ವರ್ಷ ಅಲುಗದೆ ಕೂತಿದ್ದ ಆ ಹಳೇ ಸೆಣಬು ಒಮ್ಮೆ ಕದಲಿದರೆ ಮತ್ತೆ ಕೂರುವುದಿಲ್ಲ. ಒಂದು ಸೋರಿಕೆ ನಿಲ್ಲಿಸಲು ಬಂದವರು ಎರಡು ಸೋರಿಕೆ ಕೊಟ್ಟು ಹೋಗುವುದು ಹೀಗೆ.

ಇನ್ನೊಂದು ಒಗಟು. ಎರಡು ಎಲ್ಬೋಗಳು ಗೋಡೆಯಲ್ಲಿ ಭದ್ರವಾಗಿವೆ, ನಡುವಿನ ಪೈಪು ಮಾತ್ರ ಬದಲಿಸಬೇಕು. ಎರಡು ತುದಿಯಲ್ಲೂ ಬಲಕ್ಕೆ ತಿರುಗುವ ಥ್ರೆಡ್ಡೇ. ಒಂದು ಕಡೆ ಬಿಗಿಯಲು ತಿರುಗಿಸಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಬಾವಿಯೊಳಗೆ ದಿನಕ್ಕೆ ಮೂರಡಿ ಹತ್ತಿ ಎರಡಡಿ ಜಾರುವ ಕಪ್ಪೆಯ ಲೆಕ್ಕಕ್ಕಾದರೂ ಉತ್ತರ ಉಂಟು, ಇದಕ್ಕೆ ತಿರುಗಿಸಿ ಸಿಗುವ ಉತ್ತರವಿಲ್ಲ. ಅದಕ್ಕೇ ಯೂನಿಯನ್ ಎಂಬ ಮೂರು ಭಾಗದ ಕೀಲು ಹುಟ್ಟಿತು. ಎರಡು ತುಂಡುಗಳನ್ನು ಎರಡು ಪೈಪಿಗೆ ಬೇರೆ ಬೇರೆಯಾಗಿ ತಿರುಗಿಸಿ, ಮುಖಕ್ಕೆ ಮುಖ ಕೊಟ್ಟು, ಮೇಲೊಂದು ದೊಡ್ಡ ನಟ್ಟಿನಿಂದ ಬಿಗಿದರಾಯಿತು. ಪೈಪು ತಿರುಗಲೇಬೇಕಿಲ್ಲ. ಅಳತೆ ತಪ್ಪಿ ಮುಖಗಳು ಓರೆಯಾಗಿದ್ದರೆ ನಟ್ಟು ಎಷ್ಟು ಎಳೆದರೂ ತೊಟ್ಟಿಕ್ಕುತ್ತದೆ. ಯೂನಿಯನ್ನನ್ನು ಗೋಡೆಯೊಳಗೆ ಹೂಳಬಾರದು, ಮುಂದೆ ಬಿಚ್ಚಲೆಂದೇ ಹಾಕುವಂಥದ್ದು ಅದು. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಮೇಸ್ತ್ರಿ ಅದನ್ನು ಗಾರೆ ಹಾಕಿ ಮುಚ್ಚಿ ಮೇಲೆ ಟೈಲ್ಸ್ ಅಂಟಿಸಿ ಹೋಗಿದ್ದ. ಆತ ಈಗಿಲ್ಲ, ಬೈಯ್ಯುವುದು ಬೇಡ.

ಮನೆಯ ಗೋಡೆಯಲ್ಲಿ ಕೀಲು ಕೈಕೊಟ್ಟರೆ ಟೈಲ್ಸ್ ಹೋಗುತ್ತದೆ. ಕೊಳವೆಬಾವಿಯಲ್ಲಿ ಕೈಕೊಟ್ಟರೆ ಬಾವಿಯೇ ಹೋಗಬಹುದು. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆ ಎಂಟುನೂರು ಅಡಿಗೆ ಮೋಟಾರು ಇಳಿಸುವುದು ಈಗ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಎಂಟುನೂರು ಅಡಿಗೆ ಇಪ್ಪತ್ತಡಿಯ ನಲವತ್ತು ಪೈಪು. ಒಂದೂಕಾಲು ಇಂಚಿನ ಮಧ್ಯಮ ದರ್ಜೆಯ ಪೈಪು ಮೀಟರಿಗೆ ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಅಲ್ಲಿಗೆ ಬರೀ ಕಬ್ಬಿಣವೇ 750 ಕಿಲೋ. ಪೈಪಿನೊಳಗೆ ನಿಂತ ನೀರು ಮೀಟರಿಗೆ ಒಂದು ಲೀಟರಿನಂತೆ ಇನ್ನೂ 245 ಕಿಲೋ. ಪಂಪು, ಮೋಟಾರು, ಕೇಬಲ್ಲು ಬೇರೆ. ಒಂದು ಟನ್ನಿಗೂ ಮಿಕ್ಕಿದ ಈ ಭಾರ ಎಲ್ಲಕ್ಕಿಂತ ಮೇಲಿನ ಸಾಕೆಟ್ಟಿನ ಏಳೆಂಟು ಸುತ್ತಿನ ಮೇಲೆ ತೂಗುತ್ತದೆ. ಒಂದೂಕಾಲು ಇಂಚಿಗೆ ಥ್ರೆಡ್ಡಿನ ಆಳ ಒಂದೂವರೆ ಮಿಲಿಮೀಟರಿನ ಹತ್ತಿರ, ಗೋಡೆ 3.2. ಉಳಿದ ಅರ್ಧ ಗೋಡೆಯೇ ಆ ಒಂದು ಟನ್ನನ್ನು ಹೊರಬೇಕು. ಸಾಲದ್ದಕ್ಕೆ ಸ್ಟಾರ್ಟರ್ ಒತ್ತಿದಾಗಲೆಲ್ಲ ಮೋಟಾರು ಕೆಳಗಿನಿಂದ ಒಂದು ಒದೆತ ಕೊಟ್ಟು ಇಡೀ ಸಾಲನ್ನು ತಿರುಚುತ್ತದೆ. ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬಂದರೆ ಹತ್ತು ಒದೆತ.

ಮೋಟಾರು ಎತ್ತುವ ದಿನ ತೋಟದಲ್ಲಿ ನಿಂತು ನೋಡಬೇಕು. ಮೂರು ಕಾಲಿನ ಕಂಬದಲ್ಲಿ ಚೈನು ರಾಟೆ, ಬಾವಿಯ ಬಾಯಲ್ಲಿ ಎರಡು ಕಬ್ಬಿಣದ ಕ್ಲ್ಯಾಂಪು. ಒಂದು ಕ್ಲ್ಯಾಂಪು ಕೆಳಗಿನ ಸಾಲನ್ನು ಹಿಡಿದಿರುವಾಗ ಮೇಲಿನ ಪೈಪು ಬಿಚ್ಚುತ್ತಾರೆ. ಎಲ್ಲರೂ ಮಾತು ನಿಲ್ಲಿಸಿರುತ್ತಾರೆ. ಕ್ಲ್ಯಾಂಪು ಜಾರಿದರೂ, ಸಾಕೆಟ್ಟಿನ ಥ್ರೆಡ್ ಕಿತ್ತರೂ ಸಾಲು ಸಾಲೇ ಪಾತಾಳಕ್ಕೆ. ಮೇಲೆ ಬಂದ ಪೈಪುಗಳನ್ನು ಸಾಲಾಗಿ ಮಲಗಿಸಿದಾಗ ನಮ್ಮ ಬಚ್ಚಲುಮನೆಯದೇ ನೋಟ: ಮೈಯೆಲ್ಲ ಸರಿ, ತುದಿಗಳು ಸವೆದದ್ದು. ರೈತರು ಈಚೆಗೆ ಚೌಕ ಥ್ರೆಡ್ಡಿನ ಪಿವಿಸಿ ಕಾಲಂ ಪೈಪಿಗೋ, ಸುರುಳಿ ಸುತ್ತಿ ಬರುವ ಕಪ್ಪು ಎಚ್‌ಡಿಪಿಇ ಪೈಪಿಗೋ ಹೋಗುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಸುರುಳಿ ಪೈಪಿನಲ್ಲಿ ಮೇಲಿನಿಂದ ಕೆಳಗಿನವರೆಗೂ ನಡುವೆ ಕೀಲೇ ಇಲ್ಲ.

ಇಷ್ಟೆಲ್ಲ ಒದ್ದಾಡುವ ಬದಲು ವೆಲ್ಡಿಂಗ್ ಮಾಡಿಬಿಟ್ಟರೆ? ಈ ಪ್ರಶ್ನೆಯನ್ನು ನಾನೂ ಕೇಳಿದೆ. ಮೇಸ್ತ್ರಿ ನಕ್ಕು ಸುಮ್ಮನಾದರು. ಉತ್ತರ ಸಿಕ್ಕಿದ್ದು ಗೇಟು, ಗ್ರಿಲ್ ಮಾಡುವ ಪಕ್ಕದ ಬೀದಿಯ ಶೆಡ್ಡಿನಲ್ಲಿ. ಸತು ಕರಗುವುದು 419 ಡಿಗ್ರಿಗೆ, ಕುದಿದು ಆವಿಯಾಗುವುದು 907ಕ್ಕೆ. ಕಬ್ಬಿಣ ಕರಗಲು 1500ರ ಹತ್ತಿರ ಬೇಕು. ಕಬ್ಬಿಣ ಬೆಸೆದುಕೊಳ್ಳುವ ಹೊತ್ತಿಗೆ ಸತು ಹೊಗೆಯಾಗಿ ಹೊರಟೇ ಹೋಗಿರುತ್ತದೆ. ಹೋಗುವಾಗ ಕರಗಿದ ಲೋಹದಲ್ಲಿ ಗುಳ್ಳೆ ಎಬ್ಬಿಸಿ, ಕಿಡಿ ಚೆಲ್ಲಿ, ಬೆಸುಗೆಯನ್ನು ತೂತು ತೂತು ಮಾಡಿ ಹೋಗುತ್ತದೆ. ರಾಜಸ್ಥಾನದ ಉದಯಪುರದ ಬಳಿಯ ಝಾವರ್‌ನಲ್ಲಿ ಶತಮಾನಗಳ ಹಿಂದಿನ ಕುಶಲಿಗಳು ಇದೇ ಆವಿಯನ್ನು ಹಿಡಿದಿದ್ದರು. ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಕುಲುಮೆಯಲ್ಲಿಟ್ಟು, ಆವಿ ಕೆಳಗಿಳಿದು ತಣ್ಣಗಾಗಿ ಲೋಹವಾಗುವಂತೆ ಮಾಡಿದ್ದರು. ವೆಲ್ಡಿಂಗ್ ಶೆಡ್ಡಿನಲ್ಲಿ ಅದನ್ನು ಹಿಡಿಯುವವರಿಲ್ಲ. ಬಿಳಿ ಹೊಗೆಯಾಗಿ ಏರಿ, ಹತ್ತಿಯ ಎಳೆಗಳಂತೆ ಗಾಳಿಯಲ್ಲಿ ತೇಲಿ, ಕೆಲಸಗಾರನ ಮೂಗಿಗೇ ಹೋಗುತ್ತದೆ.

ಸಂಜೆ ಮನೆಗೆ ಹೋದ ಮೇಲೆ ಬಾಯಲ್ಲಿ ಕಬ್ಬಿಣದ ರುಚಿ, ಗಂಟಲು ಒಣ, ಆಮೇಲೆ ಮೈನಡುಕ, ಜ್ವರ. ಮಲೇರಿಯಾ ಬಂತೆಂದು ಹೆದರುವವರುಂಟು. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಲೋಹದ ಹೊಗೆಯ ಜ್ವರ ಎಂದು ವೈದ್ಯಕೀಯದಲ್ಲಿ ಇದಕ್ಕೆ ಹೆಸರಿದೆ, ಸೋಮವಾರದ ಜ್ವರ ಎಂದೂ ಕರೆಯುತ್ತಾರೆ. ದಿನವೂ ಹೊಗೆ ಕುಡಿದರೆ ಮೈ ಒಗ್ಗಿಕೊಳ್ಳುತ್ತದೆ, ಭಾನುವಾರದ ರಜೆಯಲ್ಲಿ ಆ ಒಗ್ಗಿಕೆ ಕಳೆದುಹೋಗಿ ಸೋಮವಾರ ಮತ್ತೆ ಬಡಿಯುತ್ತದೆ. "ಹಾಲು ಕುಡಿದ್ರೆ ಏನೂ ಆಗಲ್ಲ ಅಣ್ಣಾ" ಎಂದ ಶೆಡ್ಡಿನ ಹುಡುಗ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗುವುದು ಎದೆಗೂಡಿಗೆ. ಅವನಿಗೆ ಬೇಕಾದದ್ದು ಸರಿಯಾದ ಮುಖಗವುಸು, ಹೊಗೆ ಎಳೆಯುವ ಫ್ಯಾನು, ಬೆಸುಗೆಯ ಎರಡೂ ಬದಿ ಸತುವನ್ನು ಮೊದಲೇ ಉಜ್ಜಿ ತೆಗೆಯುವಷ್ಟು ಪುರುಸೊತ್ತು. ಮೂರನ್ನೂ ಯಾರೂ ಅವನಿಗೆ ಕೊಟ್ಟಿರಲಿಲ್ಲ.

ಗೇಟಿಗೋ ಮೆಟ್ಟಿಲ ಕಂಬಿಗೋ ಆದರೆ ಬೆಸೆದ ಮೇಲೆ ಸತುವಿನ ಪುಡಿ ತುಂಬಿದ ಬಣ್ಣ ಬಳಿದು ಗಾಯ ಮುಚ್ಚಬಹುದು. ನೀರಿನ ಪೈಪಿಗೆ ಅದಾಗದು. ಹೊರಗೆ ಬಣ್ಣ ಬಳಿದರೂ ಒಳಗೆ ಸುಟ್ಟುಹೋದ ಸತುವಿಗೆ ಯಾರ ಕೈಯೂ ಎಟುಕುವುದಿಲ್ಲ. ಕುಡಿಯುವ ನೀರು ಹರಿಯುವ ಕಡೆ ಒಳಗಿನಿಂದ ತುಕ್ಕು ಶುರು. ದೊಡ್ಡ ಕೆಲಸಗಳಲ್ಲಿ ಕ್ರಮವನ್ನೇ ತಿರುಗಿಸುತ್ತಾರೆ: ಮೊದಲು ಕರಿ ಪೈಪಿಗೆ ಫ್ಲೇಂಜು ಬೆಸೆದು, ಆಮೇಲೆ ಇಡಿಯಾಗಿ ಸತುವಿನ ಕೊಳಕ್ಕೆ ಇಳಿಸುತ್ತಾರೆ. ಹಾಗೆ ಇಳಿಸುವ ಸಾಮಾನಿನಲ್ಲಿ ಎಲ್ಲಾದರೂ ಗಾಳಿ ಕಟ್ಟಿಕೊಂಡ ಟೊಳ್ಳು ಇದ್ದರೆ ಬಾಂಬಿನಂತೆ ಸಿಡಿಯುತ್ತದೆ, ಅದಕ್ಕೆ ಮೊದಲೇ ತೂತು ಬಿಟ್ಟಿರಬೇಕು. ಆಮೇಲೆ ಸ್ಥಳದಲ್ಲಿ ಎರಡು ಫ್ಲೇಂಜುಗಳ ನಡುವೆ ರಬ್ಬರಿನ ಬಿಲ್ಲೆ ಇಟ್ಟು ಬೋಲ್ಟು ಬಿಗಿದರೆ ಸತುವಿಗೆ ಏನೂ ಆಗುವುದಿಲ್ಲ. ಪಂಪ್‌ಹೌಸುಗಳಲ್ಲಿ ಕಾಣುವುದು ಇದೇ.

ಮಾಲುಗಳಲ್ಲಿ, ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ತಲೆ ಎತ್ತಿ ನೋಡಿದರೆ ಕೆಂಪು ಬಣ್ಣದ ಬೆಂಕಿ ಪೈಪುಗಳು ಹೋಗಿರುತ್ತವೆ. ಹಲವು ಕಡೆ ಅವುಗಳ ಕೀಲಿನಲ್ಲಿ ಥ್ರೆಡ್ಡೂ ಇಲ್ಲ, ಬೆಸುಗೆಯೂ ಇಲ್ಲ. ಎರಡು ಪೈಪಿನ ತುದಿಯಲ್ಲಿ ಉರುಳೆಯಿಂದ ಒತ್ತಿ ಒಂದೊಂದು ಕಾಲುವೆ ಮಾಡಿರುತ್ತಾರೆ. ಒತ್ತುವುದಷ್ಟೆ, ಕೊರೆಯುವುದಿಲ್ಲ, ಲೋಹ ನಷ್ಟವಾಗುವುದಿಲ್ಲ. ಮೇಲೆ ರಬ್ಬರಿನ ಬಳೆ, ಅದರ ಮೇಲೆ ಎರಡು ಹೋಳಿನ ಕಬ್ಬಿಣದ ಬಳೆ, ಎರಡು ಬೋಲ್ಟು. ನೀರಿನ ಒತ್ತಡ ಹೆಚ್ಚಿದಷ್ಟೂ ರಬ್ಬರಿನ ಅಂಚು ಪೈಪಿಗೆ ಇನ್ನಷ್ಟು ಒತ್ತಿಕೊಳ್ಳುವ ಹಾಗೆ ಮಾಡಿರುವುದು ಅದರ ಜಾಣತನ. ಮೊದಲ ಮಹಾಯುದ್ಧದ ಹೊತ್ತಿನ ಅವಸರದಲ್ಲಿ ಹುಟ್ಟಿದ ಕಲ್ಪನೆ ಇದು. ದುಬಾರಿ ಎಂಬ ಕಾರಣಕ್ಕೆ ಮನೆಯ ಅರ್ಧ ಇಂಚಿನವರೆಗೆ ಇಳಿದು ಬರಲಿಲ್ಲ. ಪಾಲಿಹೌಸ್ ಕಟ್ಟುವವರೂ ವೆಲ್ಡಿಂಗ್ ಗೊಡವೆಗೆ ಹೋಗದೆ, ಒಂದರೊಳಗೊಂದು ತೂರಿಸಿ, ಕ್ಲ್ಯಾಂಪು ಹಾಕಿ ನಟ್ಟು ಬೋಲ್ಟು ಬಿಗಿಯುತ್ತಾರೆ. ಸದಾ ಬೆವರುವ ಆ ಗೂಡಿನಲ್ಲಿ ಸುಟ್ಟ ಕೀಲು ಎಷ್ಟು ದಿನ ಬಾಳೀತು?

ಹಳ್ಳಿಯ ವಿಧಾನವನ್ನು ಬಿಟ್ಟರೆ ತಪ್ಪಾದೀತು. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಸುತ್ತಿ, ಮೇಲೆ ಕಟ್ಟುತಂತಿ ಬಿಗಿಯುವುದು. ನಗಬೇಡಿ. ಬೆಂಕಿ ಪೈಪಿನ ರಬ್ಬರು ಬಳೆಯ ತತ್ವದ ಬಡ ಸೋದರ ಅದು, ಸತುವಿಗೆ ಹಾನಿಯಿಲ್ಲ. ಮುಂದಿನ ಸಂತೆಯವರೆಗೆ ತಡೆಯುತ್ತದೆ.

ಸೋಲಾರ್ ಬಿಸಿನೀರಿಗೆ ಜಿಐ ಹಾಕಿಸಿದವರು ಇನ್ನೊಂದು ಸಂಗತಿ ತಿಳಿದಿರಬೇಕು. ನೀರು ಸುಮಾರು 60 ಡಿಗ್ರಿ ದಾಟಿದರೆ, ಕೆಲವು ಬಗೆಯ ನೀರಿನಲ್ಲಿ ಸತು ತನ್ನ ತ್ಯಾಗಬುದ್ಧಿ ಬಿಟ್ಟುಬಿಡುತ್ತದೆ. ಪಾತ್ರ ಅದಲು ಬದಲಾಗಿ, ಸತುವನ್ನು ಉಳಿಸಲು ಕಬ್ಬಿಣವೇ ಕರಗತೊಡಗುತ್ತದೆ. ಮೇಲಿನ ತಾಮ್ರದ ಕೊಳವೆಯಿಂದ ಬಂದ ನೀರು ಜಿಐಗೆ ಇಳಿದರೆ ಗುಳಿ ಬೀಳುವುದು ಇನ್ನೂ ಬೇಗ. ಬಿಸಿನೀರಿನ ಸಾಲಿನಲ್ಲಿ ಸಿಪಿವಿಸಿ ಬಂದು ಜಿಐ ಹಿಂದೆ ಸರಿದದ್ದು ಒಳ್ಳೆಯದೇ ಆಯಿತು ಎಂದು ನನಗನ್ನಿಸುತ್ತದೆ.

ನಮ್ಮ ಮನೆಯಲ್ಲೂ ಪೂರ್ತಿ ಪ್ಲಾಸ್ಟಿಕ್ ಹಾಕಿಸಿಬಿಡಿ ಎಂದರು ನೆಂಟರು. ಅದಕ್ಕೆ ಇಡೀ ಗೋಡೆ ಒಡೆಯಬೇಕಿತ್ತು. ಮೇಸ್ತ್ರಿ ಬೇರೆ ದಾರಿ ಹಿಡಿದರು. ಹಾಳಾದ ತುಂಡಿನ ಜಾಗಕ್ಕೆ ನೀಲಿ ಪಟ್ಟಿಯ ಹೊಸ ಪೈಪು. ಏಳೆಂಟು ಸುತ್ತಿಗಿಂತ ಹೆಚ್ಚು ಥ್ರೆಡ್ ಹೊಡೆಯಲಿಲ್ಲ. ಒಳ ಅಂಚಿನ ಕೂರನ್ನು ಅರದಿಂದ ಉಜ್ಜಿದರು, ಇಲ್ಲವಾದರೆ ಅಲ್ಲೇ ಕಸ ಸಿಕ್ಕಿ ಹೂಳು ಕಟ್ಟುತ್ತದಂತೆ. ಸೆಣಬು, ಸೀಸವಿಲ್ಲದ ಸಫೇದಾ, ಯೂನಿಯನ್ ಈ ಸಲ ಗೋಡೆಯ ಹೊರಗೆ. ಸಾಕೆಟ್ಟಿನಾಚೆ ಇಣುಕುತ್ತಿದ್ದ ಎರಡು ಸುತ್ತು ಬೋಳು ಥ್ರೆಡ್ಡಿಗೆ ಸತುವಿನ ಬಣ್ಣ ಹಚ್ಚಿದರು. ಹೊರಗೆ ಚಾಚಿಕೊಂಡಿದ್ದ ನಾರಿನ ಕುಚ್ಚನ್ನು ಬೆಂಕಿಕಡ್ಡಿ ಗೀರಿ ಸುಟ್ಟರು. ಹಳೆಯ ಪೈಪಿನ ಎರಡೂ ತುದಿಯನ್ನು ಗೇಣುದ್ದ ಕತ್ತರಿಸಿ, ಉಳಿದ ನಡುಭಾಗಕ್ಕೆ ಹೊಸ ಥ್ರೆಡ್ ಹೊಡೆದು, ಹಿತ್ತಲಿನ ಗಿಡದ ನಲ್ಲಿಗೆ ನಿಲ್ಲಿಸಿದರು. ಅದಕ್ಕೆ ಕೂಲಿ ಕೇಳಲಿಲ್ಲ.

ಹೊರಡುವಾಗ ಒಂದು ಹಾಳೆ ನ್ಯೂಸ್‌ಪೇಪರ್ ಕೇಳಿ ಇಸಿದುಕೊಂಡು, ಒಡೆದ ಗೋಡೆಯ ಸಂದಿಯಲ್ಲಿ ಕೀಲುಗಳ ಕೆಳಗೆ ಉದ್ದಕ್ಕೆ ಹಾಸಿದರು. "ರಾತ್ರಿಯೆಲ್ಲ ಹಂಗೇ ಇರ್ಲಿ. ಬೆಳಿಗ್ಗೆ ಒಣಗಿದ್ರೆ ಗಾರೆಯವರನ್ನ ಕರೀರಿ" ಎಂದರು.

ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ಹೋಗಿ ಬಗ್ಗಿ ನೋಡಿದೆ. ಹೊಸ ಕೀಲುಗಳ ಕೆಳಗೆ ಕಾಗದ ಗರಿಗರಿಯಾಗಿತ್ತು. ಅದರಾಚೆ, ನಾವ್ಯಾರೂ ಮುಟ್ಟದೇ ಬಿಟ್ಟಿದ್ದ ಹಳೆಯ ಎಲ್ಬೋ ಕೆಳಗೆ, ಎಂಟಾಣೆ ಅಗಲದ ಒಂದು ಒದ್ದೆ ಗುರುತು.